ಹಗಲು ಮಲಗುವವನ ಪೆಟ್ಟಿಗೆ

ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ನೀವು ಏನು ಮಾಡುತ್ತೀರಿ? ನಮ್ಮ ಬೇಕರಿ ಅಕ್ಕನೂ ಅದನ್ನೇ ಮಾಡುತ್ತಿದ್ದಳು. ಕಟ್ ಮಾಡುತ್ತಿದ್ದಳು.

ಅವಳದು ತಪ್ಪು ಎನ್ನುವ ಹಾಗಿಲ್ಲ. ಬೆಳಿಗ್ಗೆ ಆರಕ್ಕೆ ಷಟರ್ ಎತ್ತಿದರೆ ಸಂಜೆಯವರೆಗೆ ಗಲ್ಲಾ ಬಿಟ್ಟು ಏಳುವ ಹಾಗಿಲ್ಲ. ಒಂದು ಕೈಯಲ್ಲಿ ಬ್ರೆಡ್ ಕೊಯ್ಯುವ ಚಾಕು, ಇನ್ನೊಂದರಲ್ಲಿ ಕಾಗದದ ಚೀಲ, ಎದುರಿಗೆ ನಾಲ್ಕು ಜನ ಗಿರಾಕಿಗಳು. ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಹಿಟ್ಟಿನ ಕೈ ಒರೆಸಿಕೊಂಡು ಎತ್ತಿದರೆ, "ಮೇಡಂ, ಕಾರ್ಡ್ ಬೇಕಾ? ಮೇಡಂ, ಸೈಟ್ ನೋಡ್ತೀರಾ?" ಎಂದು ಯಾರೋ ಸಕ್ಕರೆ ಸುರಿದ ದನಿಯಲ್ಲಿ ಕೇಳುತ್ತಾರೆ. ಎರಡು ವರ್ಷ ಸಹಿಸಿದ ಮೇಲೆ ಅವಳು ಒಂದು ನಿಯಮ ಮಾಡಿಕೊಂಡಳು. ಹೆಸರು ಕಾಣಿಸದ ನಂಬರು ಬಂದರೆ ಕಟ್, ಮತ್ತೆ ಮತ್ತೆ ಬಂದು ಕಾಡಿದರೆ ಬ್ಲಾಕ್.

"ಏನಮ್ಮ, ಇವತ್ತು ಎಷ್ಟು ತಲೆ ಉರುಳಿಸಿದೆ?" ಎಂದು ದಿನಾ ಮಧ್ಯಾಹ್ನ ರಸ್ಕ್ ಒಯ್ಯಲು ಬರುವ ನಿವೃತ್ತ ಲೆಕ್ಕದ ಮೇಷ್ಟ್ರು ಕೇಳುತ್ತಿದ್ದರು.

"ಮೂರು, ಮೇಷ್ಟ್ರೇ. ಅದರಲ್ಲಿ ಒಂದು ಲ್ಯಾಂಡ್‌ಲೈನ್. ಆರು ವಾರದಿಂದ ಬಿಟ್ಟೂಬಿಡದೆ ಕಾಡ್ತಿತ್ತು. ಅದನ್ನೂ ಮುಗಿಸಿದೆ."

"ಶಹಭಾಸ್. ನನ್ನ ಹೆಂಡತಿಗೂ ಸ್ವಲ್ಪ ಕಲಿಸು. ಅವಳು ಫೋನ್ ಮಾಡಿದೋರ ಮನೆ ಮಕ್ಕಳ ಕ್ಷೇಮ ಎಲ್ಲ ವಿಚಾರಿಸಿಯೇ ಫೋನ್ ಇಡ್ತಾಳೆ."

ಆ ಲ್ಯಾಂಡ್‌ಲೈನ್ ಯಾರದು ಎಂದು ಅಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಅವಳ ಜೀವ ಬಾಯಿಗೆ ಬಂತು. ಆ ದಿನದ ಕಥೆಯೇ ಇದು.

ಅಕ್ಕನ ಗಂಡ ಒಲೆಯ ಮನುಷ್ಯ. ಅಂಗಡಿಯ ಹಿಂದಿನ ಕೋಣೆಯಲ್ಲಿ ರಾತ್ರಿ ಹತ್ತಕ್ಕೆ ಒಲೆ ಹಚ್ಚಿದರೆ, ಹಿಟ್ಟು ನಾದಿ, ಉಬ್ಬಿಸಿ, ಅಚ್ಚಿಗೆ ತುಂಬಿ, ಬೇಯಿಸಿ ಇಳಿಸುವಷ್ಟರಲ್ಲಿ ಬೆಳಗಾಗುತ್ತದೆ. ಜೊತೆಗೆ ದುಡಿಯುವವನು ಅವನ ತಮ್ಮ, ಎಂದರೆ ಅಕ್ಕನ ಮೈದುನ. ಏಳು ಗಂಟೆಗೆ ಇಬ್ಬರೂ ಕೈಕಾಲು ತೊಳೆದು ಏನಾದರೂ ತಿನ್ನುತ್ತಾರೆ. ಒಂಬತ್ತಕ್ಕೆ ಅವನು ಅಂಗಡಿಯ ಮೇಲಿನ ಕೋಣೆಗೆ ಹೋಗಿ ಮಲಗಿದರೆ ಏಳುವುದು ಮೂರಕ್ಕೆ. ಮದುವೆಯಾದಾಗಿನಿಂದ ಆ ಮನೆಯ ಗಡಿಯಾರ ಹೀಗೇ ತಿರುಗಿ ಬಂದಿದೆ. ಊರು ಮಲಗಿದಾಗ ಅವನು ದುಡಿಯುತ್ತಾನೆ, ಊರು ದುಡಿಯುವಾಗ ಅವನು ಮಲಗುತ್ತಾನೆ.

ಆರು ತಿಂಗಳ ಹಿಂದೆ ಅವನ ಹೃದಯದ ಬಡಿತ ತೀರಾ ನಿಧಾನವಾಗಿ, ಆಸ್ಪತ್ರೆಯಲ್ಲಿ ಎಡಭುಜದ ಕೆಳಗೆ ಪೇಸ್‌ಮೇಕರ್ ಇಟ್ಟರು. ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ. ಅದರಿಂದ ಒಂದು ತೆಳುವಾದ ತಂತಿ ಹೃದಯದೊಳಗೆ ಹೋಗುತ್ತದೆ. ಹೃದಯ ತಡಮಾಡಿದರೆ ಯಂತ್ರ ತಂತಿಯ ಮೂಲಕ ಒಂದು ಸಣ್ಣ ತಿವಿತ ಕೊಟ್ಟು ಎಚ್ಚರಿಸುತ್ತದೆ. ಮನೆಗೆ ಕಳಿಸುವಾಗ ಇನ್ನೊಂದು ಬಿಳಿ ಪೆಟ್ಟಿಗೆಯನ್ನೂ ಕೊಟ್ಟರು. "ಇದನ್ನ ಮಂಚದ ಪಕ್ಕ ಪ್ಲಗ್ಗಿಗೆ ಹಾಕಿಡಿ. ರಾತ್ರಿ ಮಲಗಿದಾಗ ಎದೆಯೊಳಗಿನ ಯಂತ್ರದ ಹತ್ತಿರ ಅದೇ ಮಾತಾಡಿ, ಮಾಹಿತಿ ತಗೊಂಡು ನಮಗೆ ಕಳಿಸುತ್ತೆ. ನೀವು ಏನೂ ಮಾಡಬೇಕಾಗಿಲ್ಲ," ಎಂದರು.

ಏನೂ ಮಾಡಬೇಡಿ ಎಂದರೆ ಸುಮ್ಮನಿರುವ ಹೆಂಗಸಲ್ಲ ಅಕ್ಕ. ಮಂಚದ ಪಕ್ಕದ ಸ್ಟೂಲಿನ ಮೇಲೆ ಪೆಟ್ಟಿಗೆ ಇಟ್ಟಳು. ಅದರ ಪ್ಲಗ್ಗು ಯಾರೂ ಕೀಳದ ಹಾಗೆ ಟೇಪು ಸುತ್ತಿದಳು. ದಿನಾ ಒಣಬಟ್ಟೆಯಲ್ಲಿ ಒರೆಸಿದಳು. ಮುಂಭಾಗದಲ್ಲಿ ಒಂದು ಹಸಿರು ದೀಪ ಉರಿಯುತ್ತಿತ್ತು. ಬೆಳಿಗ್ಗೆ ಎದ್ದ ತಕ್ಷಣ ಅವಳು ನೋಡುತ್ತಿದ್ದದ್ದು ಆ ದೀಪವನ್ನು. ಹಸಿರು ಕಂಡರೆ ಒಂದು ನಿಟ್ಟುಸಿರು. ಸರಿ, ಎಲ್ಲ ಚೆನ್ನಾಗಿದೆ.

ಒಂದು ಸಂಜೆ ಗಂಡ ಕುರ್ಚಿಯಿಂದ ಏಳುವಾಗ ಗೋಡೆ ಹಿಡಿದುಕೊಂಡ. "ಕಣ್ಣಿಗೆ ಒಂಚೂರು ಕತ್ತಲೆ ಬಂದ ಹಾಗಾಯ್ತು," ಎಂದ.

"ಆಸ್ಪತ್ರೆಗೆ ಹೋಗೋಣವಾ, ರೀ?"

"ಯಾಕೆ? ಪೆಟ್ಟಿಗೆ ಇದೆಯಲ್ಲ. ಏನಾದ್ರೂ ಇದ್ದಿದ್ರೆ ಅವರೇ ಫೋನ್ ಮಾಡ್ತಿದ್ರು. ದಿನದ ಇಪ್ಪತ್ತನಾಲ್ಕು ಗಂಟೆ ಅಲ್ಲಿ ಯಾರೋ ನೋಡ್ತಾ ಕೂತಿರ್ತಾರೆ."

ಅಕ್ಕನಿಗೂ ಆ ಮಾತು ಸರಿ ಎನಿಸಿತು. ಒಂದು ಸಲ ಮೇಲೆ ಹೋಗಿ ದೀಪ ನೋಡಿ ಬಂದಳು. ಹಸಿರು.

ಮರುವಾರ ಒಂದು ಮಧ್ಯಾಹ್ನ, ಹನ್ನೆರಡು ಗಂಟೆ ಹೊತ್ತಿಗೆ, ಹೆಗಲಿಗೆ ಬ್ಯಾಗು ಹಾಕಿಕೊಂಡ ಒಬ್ಬ ಹುಡುಗಿ ಅಂಗಡಿಯ ಮುಂದೆ ನಿಂತಳು. ಮೇಷ್ಟ್ರು ಆಗಲೇ ಬೆಂಚಿನ ಮೇಲೆ ಕುಳಿತಿದ್ದರು.

"ಏನು ಬೇಕಮ್ಮ?"

"ಬ್ರೆಡ್ ಬೇಡ ಅಕ್ಕ. ನೀವೇ ಬೇಕು." ಹುಡುಗಿ ಬೆವರು ಒರೆಸಿಕೊಂಡಳು. "ನಾನು ಆಸ್ಪತ್ರೆಯಿಂದ. ಹೃದಯದ ವಿಭಾಗ. ನಿಮ್ಮ ಯಜಮಾನರಿಗೆ ಪೇಸ್‌ಮೇಕರ್ ಹಾಕಿದಾಗ ನಾನೇ ಬಿ.ಪಿ. ನೋಡ್ತಿದ್ದೆ, ನೆನಪಿದೆಯಾ?"

"ಅಯ್ಯೋ, ಸಿಸ್ಟರ್. ಬಟ್ಟೆ ಬೇರೆಯಾಯ್ತು ನೋಡಿ, ಗುರುತು ಸಿಗಲಿಲ್ಲ. ಬನ್ನಿ, ಕೂತ್ಕೊಳ್ಳಿ. ಈ ಕಡೆ ಬಂದಿದ್ರಾ?"

"ನಿಮ್ಮನ್ನೇ ಹುಡುಕಿಕೊಂಡು ಬಂದೆ. ಇವತ್ತು ನನ್ನ ರಜೆ. ಫೈಲಿನಲ್ಲಿ ನಿಮ್ಮ ಹಳೇ ಮನೆಯ ವಿಳಾಸ ಇದೆ. ಅಲ್ಲಿಗೆ ಹೋದ್ರೆ, ಬ್ರೆಡ್ಡಿನ ವಾಸನೆ ಹಿಡ್ಕೊಂಡು ಹೋಗಿ ಅಂದ್ರು. ಹನ್ನೊಂದು ಸಲ ಫೋನ್ ಮಾಡಿದೀನಿ ಅಕ್ಕ. ಯಾಕೆ ಎತ್ತಲಿಲ್ಲ?"

ಅಕ್ಕನ ಕೈಯಲ್ಲಿದ್ದ ಚಾಕು ಬ್ರೆಡ್ಡಿನ ನಡುವೆಯೇ ನಿಂತಿತು. "ಯಾವ ನಂಬರಿಂದ?"

ಸಿಸ್ಟರ್ ಹೇಳಿದಳು. ಅದೇ ಲ್ಯಾಂಡ್‌ಲೈನ್.

ಮೇಷ್ಟ್ರು ಕೆಮ್ಮಿ ಬೇರೆ ಕಡೆ ನೋಡಿದರು. ಅಕ್ಕನ ಮುಖ ಮೈದಾಹಿಟ್ಟಿನ ಬಣ್ಣಕ್ಕೆ ತಿರುಗಿತು. "ಕಾರ್ಡ್ ಮಾರೋರು ಅಂದ್ಕೊಂಡೆ," ಎಂದಳು ಮೆಲ್ಲಗೆ.

"ತುಂಬಾ ಜನ ಹಾಗೇ ಅಂದ್ಕೊಳ್ತಾರೆ. ಅದಿರಲಿ. ನಿಮ್ಮ ಪೆಟ್ಟಿಗೆಯಿಂದ ನಲವತ್ತಮೂರು ದಿನದಿಂದ ಏನೂ ಬಂದಿಲ್ಲ. ಪ್ಲಗ್ ತೆಗೆದಿದೀರಾ?"

ಈ ಮಾತಿಗೆ ಅಕ್ಕನಿಗೆ ಸಿಟ್ಟು ಬಂತು. ತಪ್ಪು ಒಪ್ಪಿಕೊಳ್ಳುವವಳೇ, ಆದರೆ ಮಾಡದ ತಪ್ಪನ್ನಲ್ಲ. "ಟೇಪ್ ಸುತ್ತಿ ಇಟ್ಟಿದೀನಿ. ಇವತ್ತು ಬೆಳಿಗ್ಗೆಯೂ ಹಸಿರು ದೀಪ ಇತ್ತು."

"ಹಸಿರು ದೀಪ ಅಂದ್ರೆ ಈ ಪೆಟ್ಟಿಗೆಗೆ ಕರೆಂಟು ಬರ್ತಿದೆ ಅಂತ, ಅಷ್ಟೇ ಅಕ್ಕ. ಅವರ ಎದೆ ಚೆನ್ನಾಗಿದೆ ಅಂತಲ್ಲ. ನಮಗೆ ಮಾಹಿತಿ ತಲುಪಿದೆ ಅಂತಲೂ ಅಲ್ಲ."

ಬೆಂಚಿನ ಮೇಲಿದ್ದ ಮೇಷ್ಟ್ರಿಗೆ ಸುಮ್ಮನಿರಲಾಗಲಿಲ್ಲ. "ಅಲ್ಲಮ್ಮ ಸಿಸ್ಟರ್, ಒಂದು ಕೇಳ್ತೀನಿ. ಬರದೇ ಇದ್ದರೆ ಒಳ್ಳೇದೇ ಆಯ್ತಲ್ಲ? ಇವರ ಎದೆಯ ವಿಷಯ ಯಾವ ಯಾವ ಕಂಪ್ಯೂಟರಿಗೆ ಹೋಗಿ ಕೂರುತ್ತೋ. ಮನೇಲಿ ಮಾತಾಡಿದ್ದೂ ಅದಕ್ಕೆ ಕೇಳಿಸುತ್ತಂತೆ."

"ಅದಕ್ಕೆ ಕಿವಿ ಇಲ್ಲ ಸರ್. ಬಡಿತ ಎಷ್ಟು, ಬ್ಯಾಟರಿ ಎಷ್ಟು ಉಳಿದಿದೆ, ತಂತಿ ಸರಿಯಿದೆಯಾ, ಇಂಥದನ್ನೇ ಅದು ಕಳಿಸೋದು. ಮೊದಲು ಯಂತ್ರ ಮಾಡಿದ ಕಂಪನಿಯ ಕಂಪ್ಯೂಟರಿಗೆ ಹೋಗುತ್ತೆ, ಅಲ್ಲಿಂದ ನಮಗೆ ಬರುತ್ತೆ. ನಮ್ಮಲ್ಲಿ ಮೂವರಿಗೆ ಮಾತ್ರ ಅದರ ಪಾಸ್‌ವರ್ಡ್ ಇದೆ."

"ಅಂದ್ರೆ ಕಂಪನಿಗೆ ಹೋಗುತ್ತೆ ಅಂತ ನೀನೇ ಒಪ್ಪಿದೆಯಲ್ಲ."

"ಒಪ್ಪಿದೆ. ಸುಳ್ಳು ಹೇಳಿ ನಿಮ್ಮನ್ನ ಒಪ್ಪಿಸಿ ನನಗೇನಾಗಬೇಕು? ಯಾರು ನೋಡಬಹುದು, ಯಾರು ನೋಡಬಾರದು ಅಂತ ಇವರು ಸಹಿ ಮಾಡಿದ ಕಾಗದದಲ್ಲಿ ಬರೆದಿದೆ. ಅರ್ಥ ಆಗದಿದ್ರೆ ಬಂದು ಕೇಳಬಹುದು, ತಮ್ಮ ಮಾಹಿತಿಯ ಪ್ರತಿ ಬೇಕು ಅನ್ನಬಹುದು. ಕೇಳೋದು ಅವರ ಹಕ್ಕು. ಆದರೆ ಭಯಪಟ್ಟು ಸುಮ್ಮನಿದ್ರೆ ನಷ್ಟ ಅವರಿಗೇ." ಅವಳು ಅಕ್ಕನ ಕಡೆ ತಿರುಗಿದಳು. "ನಾವು ಬೆಳಿಗ್ಗೆ ಒಂಬತ್ತಕ್ಕೆ ಕೂತು ಮುನ್ನೂರ ನಲವತ್ತು ಜನರ ಪಟ್ಟಿ ತೆಗೀತೀವಿ. ಕೆಂಪು ಬಣ್ಣ ಇದ್ದೋರನ್ನ ತಕ್ಷಣ ನೋಡ್ತೀವಿ. ಆಮೇಲೆ ಹಳದಿ. ಕೊನೆಗೆ ಬೂದು ಬಣ್ಣದೋರು, ಅಂದ್ರೆ ಏನೂ ಕಳಿಸದೇ ಇರೋರು. ಕೆಂಪು, ಹಳದಿ ಆದ್ರೆ ಬಂದು ಕೂಗುತ್ತೆ. ಬೂದು ಸದ್ದು ಮಾಡಲ್ಲ. ಅದಕ್ಕೇ ನನಗೆ ಬೂದು ಕಂಡರೆ ಭಯ. ಬೂದು ಆಗೋ ಮುಂಚೆ ನಿಮ್ಮದು ಹಳದಿ ಇತ್ತು ಅಕ್ಕ."

"ಹಳದಿ ಅಂದ್ರೆ?"

"ತಂತಿಯ ಒಂದು ಅಳತೆ ಸ್ವಲ್ಪ ಏರಿತ್ತು. ಬಂದು ತೋರಿಸಿ ಅಂತ ಹೇಳೋಕೇ ಫೋನ್ ಮಾಡ್ತಿದ್ದೆ. ಅವರೆಲ್ಲಿ? ಕರೀತೀರಾ?"

"ಮಲಗಿದಾರೆ."

"ಈ ಹೊತ್ತಲ್ಲಿ? ಮೈ ಸರಿಯಿಲ್ವಾ?"

"ಅವರು ಮಲಗೋದೇ ಈ ಹೊತ್ತಲ್ಲಿ, ಸಿಸ್ಟರ್. ರಾತ್ರಿ ಮಲಗಿಬಿಟ್ರೆ ಬೆಳಿಗ್ಗೆಗೆ ಬ್ರೆಡ್ ಎಲ್ಲಿಂದ ಬರುತ್ತೆ?"

ಸಿಸ್ಟರ್ ಅಂಗಡಿಯ ಗೋಡೆಗೆ ಸಾಲಾಗಿ ಜೋಡಿಸಿದ್ದ ಬ್ರೆಡ್ಡುಗಳನ್ನು ನೋಡಿದಳು. ಹಿಂದಿನ ಕೋಣೆಯ ಬಾಗಿಲು ನೋಡಿದಳು. ಮೇಲಕ್ಕೆ ಹೋಗುವ ಮೆಟ್ಟಿಲು ನೋಡಿದಳು. ಆಮೇಲೆ ಬೆಂಚಿನ ತುದಿಯಲ್ಲಿ ಕುಳಿತಳು.

"ಪೆಟ್ಟಿಗೆ ಯಂತ್ರವನ್ನ ಕರೆಯೋದು ರಾತ್ರಿ ಎರಡು ಗಂಟೆಗೆ," ಎಂದಳು. "ಎಲ್ಲರಿಗೂ ಅದೇ ಸಮಯ ಇಟ್ಟಿದೀವಿ. ಹತ್ತಿರ, ಅಂದ್ರೆ ಅದೇ ಕೋಣೆಯಲ್ಲಿ ಮಲಗಿರಬೇಕು. ಎರಡು ಗಂಟೆಗೆ ಅವರು ಎಲ್ಲಿರ್ತಾರೆ?"

"ಕೆಳಗೆ. ಒಲೆಯ ಮುಂದೆ."

"ಮೊದಲ ನಾಲ್ಕೂವರೆ ತಿಂಗಳು ವಾರಕ್ಕೊಂದು ಸಲ ಮಾಹಿತಿ ಬರ್ತಿತ್ತು. ಅದೂ ಭಾನುವಾರ ರಾತ್ರಿ ಮಾತ್ರ. ನಾವು ನಿಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ ಅಂದ್ಕೊಂಡಿದ್ವಿ."

"ಭಾನುವಾರ ಒಲೆಗೆ ರಜೆ ಇತ್ತು. ಆ ಒಂದು ರಾತ್ರಿ ಮೇಲೆ ಮಲಗ್ತಿದ್ರು." ಅಕ್ಕನ ದನಿ ಕೆಳಗಿಳಿಯಿತು. "ಆರು ವಾರದ ಹಿಂದೆ ಹಾಸ್ಟೆಲಿನೋರು ಸೋಮವಾರವೂ ಬ್ರೆಡ್ ಬೇಕು ಅಂದ್ರು. ರಜೆ ನಿಲ್ಲಿಸಿದ್ವಿ."

ಈಗ ಎಲ್ಲವೂ ಬೆಳಕಿನಲ್ಲಿ ಇಟ್ಟಂತೆ ಕಾಣಿಸಿತು. ಆರು ವಾರ ಪ್ರತಿ ರಾತ್ರಿ ಎರಡಕ್ಕೆ ಪೆಟ್ಟಿಗೆ ಎಚ್ಚರಗೊಂಡು ಖಾಲಿ ಮಂಚವನ್ನು ಕರೆದಿತ್ತು. ಉತ್ತರ ಸಿಗದೆ ಸುಮ್ಮನಾಗಿತ್ತು. ಹಾಗಾದರೆ ಗೋಡೆ ಹಿಡಿದುಕೊಂಡ ಆ ಸಂಜೆ ಅವನನ್ನು ಯಾರೂ ನೋಡುತ್ತಿರಲಿಲ್ಲ. ಅಕ್ಕ ಚಾಕು ಕೆಳಗಿಟ್ಟಳು.

"ಮಂಚದ ಪಕ್ಕ ಪೆಟ್ಟಿಗೆ ಇಡಿ ಅಂತ ನಾವು ಹೇಳಿದ್ವಿ. ಅವರು ಯಾವಾಗ ಮಲಗ್ತಾರೆ ಅಂತ ಕೇಳಲೇ ಇಲ್ಲ," ಎಂದಳು ಸಿಸ್ಟರ್. "ಅದು ನಮ್ಮ ತಪ್ಪು. ಈಗ ಅವರನ್ನ ಎಬ್ಬಿಸಿ ಅಕ್ಕ."

ಹಗಲಲ್ಲಿ ಎಬ್ಬಿಸಿದರೆ ಗಂಡನಿಗೆ ಕೆಂಡದಂಥ ಸಿಟ್ಟು. ಆ ಭಯಕ್ಕೇ ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಅಕ್ಕ ಅವನನ್ನು ಮೂರೇ ಸಲ ಎಬ್ಬಿಸಿದ್ದಳು. ಇದು ನಾಲ್ಕನೆಯದು. ಮೇಷ್ಟ್ರಿಗೆ, "ಗಿರಾಕಿ ಬಂದ್ರೆ ಸ್ವಲ್ಪ ಕೂರಿಸಿ," ಎಂದು ಹೇಳಿ ಸಿಸ್ಟರ್ ಜೊತೆ ಮೆಟ್ಟಿಲು ಹತ್ತಿದಳು. ಕಿಟಕಿಗೆ ಕಪ್ಪು ಪರದೆ ಎಳೆದ ಕೋಣೆಯಲ್ಲಿ ಅವನು ಗೋಡೆ ಕಡೆ ಮುಖಮಾಡಿ ಮಲಗಿದ್ದ. ಪಕ್ಕದ ಚಾಪೆಯ ಮೇಲೆ ಮೈದುನ.

"ಏನೇ ಇದು," ಎಂದ ಗಂಡ ಕಣ್ಣು ತೆರೆಯದೆಯೇ. "ಅಂಗಡಿಗೇನು ಬೆಂಕಿ ಬಿತ್ತಾ?"

"ಏಳಿ. ಆಸ್ಪತ್ರೆಯಿಂದ ಸಿಸ್ಟರ್ ಬಂದಿದಾರೆ."

ಅವನು ಎದ್ದು ಕುಳಿತ. ಸಿಸ್ಟರನ್ನು ನೋಡಿ ಅಂಗಿ ಹುಡುಕಿಕೊಂಡ. ಅವಳು ನಡೆದದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿ, "ಈಗಲೇ ಒಂದು ಸಲ ಕಳಿಸೋಣ," ಎಂದು ಪೆಟ್ಟಿಗೆಯ ಮೇಲಿನ ಗುಂಡಿಯನ್ನು ತೋರಿಸಿದಳು. ಅಕ್ಕನೇ ಒತ್ತಿದಳು. ಸಣ್ಣ ದೀಪಗಳು ಒಂದರ ಹಿಂದೊಂದು ಓಡತೊಡಗಿದವು.

"ಐದು ನಿಮಿಷ ಹತ್ತಿರವೇ ಕೂತಿರಿ. ತಲೆ ಸುತ್ತು ಏನಾದ್ರೂ ಬಂದಿತ್ತಾ?"

"ಒಂದು ಸಲ ಒಂಚೂರು. ಅದೇನೂ ಇಲ್ಲ ಬಿಡಿ," ಎಂದ ಗಂಡ.

ಚಾಪೆಯ ಮೇಲಿದ್ದ ಮೈದುನ ಎದ್ದು ಕುಳಿತು ಅಣ್ಣನ ಮುಖ ನೋಡಿದ. ಆಮೇಲೆ ಅಕ್ಕನ ಮುಖ. "ಅತ್ತಿಗೆ, ಅಣ್ಣ ಬೈದರೂ ಪರವಾಗಿಲ್ಲ, ಹೇಳಿಬಿಡ್ತೀನಿ. ಒಲೆ ಹತ್ತಿರ ಎರಡು ಸಲ ಆಗಿದೆ. ಮೊನ್ನೆ ಬಿಸಿ ತಟ್ಟೆ ಎಳೀತಾ ಹಾಗೇ ಮುಂದಕ್ಕೆ ವಾಲಿದ್ರು. ನಾನು ಸೊಂಟ ಹಿಡಿದು ಹಿಂದಕ್ಕೆ ಎಳೆದೆ."

ಅಕ್ಕ ಮಂಚದ ಪಕ್ಕ ನೆಲದ ಮೇಲೆ ಗಂಡನ ಎದುರಿಗೆ ಕುಳಿತಳು.

"ನನಗೆ ಯಾಕೆ ಹೇಳಲಿಲ್ಲ?" ಅಕ್ಕ ಕೇಳಿದ್ದು ಗಂಡನನ್ನು.

"ನಿನಗೆ ಹೇಳಿದ್ರೆ ನೀನು ಒಲೆ ಆರಿಸ್ತೀಯ. ಡಾಕ್ಟರಿಗೆ ಹೇಳಿದ್ರೆ ಒಲೆ ಹತ್ತಿರ ಹೋಗಲೇಬೇಡ ಅಂತಾರೆ. ನನಗೆ ಬೇರೆ ಏನು ಬರುತ್ತೆ? ಜೊತೆಗೆ, ಪೆಟ್ಟಿಗೆ ಇತ್ತಲ್ಲ. ಅವರು ನೋಡ್ಕೊಳ್ತಾರೆ ಅಂದ್ಕೊಂಡೆ."

"ಪೆಟ್ಟಿಗೆ ಕಾವಲುಗಾರ ಅಲ್ಲ ಅಣ್ಣ," ಎಂದಳು ಸಿಸ್ಟರ್. "ಅದು ಅಂಚೆಯವನ ಥರ. ಕಾಗದ ತಂದು ಹಾಕುತ್ತೆ. ಓದೋದು ನಾವು, ಅದೂ ಕೆಲಸದ ದಿನ, ಕೆಲಸದ ಹೊತ್ತಲ್ಲಿ. ಭಾನುವಾರ ಯಾರೂ ಓದಲ್ಲ. ತಲೆ ಸುತ್ತಿ ಬಿದ್ದರೆ, ಎದೆ ನೋವು ಬಂದರೆ, ಪೆಟ್ಟಿಗೆಗೆ ಕಾಯಬಾರದು. ಯಾವ ಹೊತ್ತಾದ್ರೂ ಸರಿ, ತುರ್ತು ಚಿಕಿತ್ಸೆಗೆ ಹೋಗಬೇಕು."

ಅವಳ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಲ್ಲಿ ಕಂಪ್ಯೂಟರಿನ ಮುಂದಿದ್ದ ಅವಳ ಜೊತೆಗಾರ್ತಿ. ಸಿಸ್ಟರ್ "ಹೂಂ, ಹೂಂ" ಎಂದಳು. ಮೂರನೆಯ "ಹೂಂ" ಹೊತ್ತಿಗೆ ಅಕ್ಕ ಮಂಚದ ಕಾಲು ಹಿಡಿದುಕೊಂಡಿದ್ದಳು.

"ಕೆಂಪು," ಎಂದಳು ಸಿಸ್ಟರ್ ಫೋನ್ ಇಟ್ಟು. "ತಂತಿ ಆಗಾಗ ಕೈಕೊಡ್ತಿದೆ. ಯಂತ್ರ ತಿವಿದರೂ ಕೆಲವು ಸಲ ಹೃದಯಕ್ಕೆ ಮುಟ್ಟುತ್ತಿಲ್ಲ. ಇವತ್ತೇ ಬರಬೇಕು. ಡಾಕ್ಟರು ಕಾಯ್ತಿದಾರೆ."

"ಇವತ್ತು ಆಗಲ್ಲ," ಎಂದ ಗಂಡ. "ನಾಳೆ ಹಾಸ್ಟೆಲಿಗೆ ಇನ್ನೂರು ಬ್ರೆಡ್. ಅದು ಮುಗಿಸಿ ನಾಡಿದ್ದು ಬೆಳಿಗ್ಗೆ..."

"ನಾಡಿದ್ದು ಅಂತ ಇನ್ನೊಂದು ಸಲ ಬಾಯಿಬಿಟ್ಟು ನೋಡಿ," ಎಂದಳು ಅಕ್ಕ. ದನಿ ಏರಲಿಲ್ಲ. ಏರದ ದನಿಗೇ ಆ ಮನೆಯಲ್ಲಿ ಎಲ್ಲರೂ ಹೆದರುತ್ತಿದ್ದರು. "ಇಪ್ಪತ್ತೊಂದು ವರ್ಷ ನೀವು ಹೇಳಿದ ಹೊತ್ತಿಗೆ ಈ ಮನೆ ಎದ್ದಿದೆ, ಮಲಗಿದೆ. ಇವತ್ತು ನಾನು ಹೇಳಿದ ಹೊತ್ತಿಗೆ ಹೊರಡುತ್ತೆ. ಇನ್ನೂರು ಬ್ರೆಡ್ ಇವನು ಮಾಡ್ತಾನೆ. ಆಗದಿದ್ರೆ ಹಾಸ್ಟೆಲಿನೋರು ಒಂದು ದಿನ ಬೇರೆ ಏನಾದ್ರೂ ತಿಂತಾರೆ."

"ನಾನು ಮಾಡ್ತೀನಿ ಅತ್ತಿಗೆ," ಎಂದ ಮೈದುನ.

"ಅವನ ಬ್ರೆಡ್ ಇಟ್ಟಿಗೆ ಆಗುತ್ತೆ," ಎಂದ ಗಂಡ.

"ಆಗಲಿ. ಮನೆ ಕಟ್ಟೋಣ. ಅಂಗಿ ಹಾಕ್ಕೊಳ್ಳಿ."

ಅವಳು ಕೆಳಗಿಳಿದು ಷಟರ್ ಎಳೆದಳು. ನಡುಹಗಲಲ್ಲಿ ಆ ಷಟರ್ ಇಳಿದದ್ದನ್ನು ಆ ಬೀದಿ ನೋಡಿದ್ದು ಅದೇ ಮೊದಲು. ಮೇಷ್ಟ್ರು ರಸ್ಕಿನ ಪೊಟ್ಟಣ ಹಿಡಿದುಕೊಂಡು ಹೊರಗೆ ನಿಂತಿದ್ದರು. ಆಟೋ ಕರೆಯಲು ತಿರುವಿನ ಕಡೆಗೆ ನಡೆದರು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಯಂತ್ರವನ್ನು ಪರೀಕ್ಷಿಸಿದರು. ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ಒಳಗಿನ ತಂತಿಯ ತುದಿ ಜಾಗ ಬಿಟ್ಟು ಸರಿದಿದೆ. ನಾಳೆ ಬೆಳಿಗ್ಗೆಯೇ ಸರಿಮಾಡ್ತೀವಿ. ಅಲ್ಲಿವರೆಗೆ ಇಲ್ಲೇ ಇರಬೇಕು," ಎಂದರು.

"ಒಲೆ ಕೆಲಸ?" ಗಂಡ ಕೇಳಿದ. ಮಂಚದ ಮೇಲೆ ಕುಳಿತು ಅವನು ಕೇಳಿದ ಒಂದೇ ಪ್ರಶ್ನೆ ಅದು.

"ಈಗಲೇ ಮಾತು ಕೊಡಲ್ಲ. ಆರು ವಾರ ಆ ಕೈಯಲ್ಲಿ ಭಾರ ಎತ್ತಬಾರದು, ಭುಜದಿಂದ ಮೇಲಕ್ಕೆ ಎತ್ತಬಾರದು. ಆಮೇಲೆ ಮಾಹಿತಿ ನೋಡಿ ಹೇಳ್ತೀನಿ. ಮಾಹಿತಿ ಬರ್ತಿದ್ರೆ ನನಗೂ ಧೈರ್ಯವಾಗಿ ಹೇಳೋಕೆ ಆಗುತ್ತೆ. ಬರದೇ ಇದ್ರೆ ಒಲೆ ಬೇಡ ಅಂತಲೇ ಹೇಳಬೇಕಾಗುತ್ತೆ."

ಮರುದಿನ ಅವನನ್ನು ಒಳಗೆ ಕರೆದುಕೊಂಡು ಹೋದಾಗ, ಸಿಸ್ಟರ್ ಅಕ್ಕನನ್ನು ತನ್ನ ಕೋಣೆಗೆ ಕರೆದಳು. ಎರಡು ಮೇಜು, ಎರಡು ಕಂಪ್ಯೂಟರು, ಗೋಡೆಗೆ ಅಂಟಿಸಿದ ಫೋನ್ ನಂಬರುಗಳ ಹಾಳೆ. ತೆರೆಯ ಮೇಲೆ ಉದ್ದನೆಯ ಪಟ್ಟಿ. ಗಂಡನ ಸಾಲನ್ನು ತೆರೆದಾಗ ದಿನಕ್ಕೊಂದು ಚೌಕ ಕಾಣಿಸಿತು. ಮೊದಲು ಏಳಕ್ಕೊಂದು ತುಂಬಿದ ಚೌಕ. ಆಮೇಲೆ ಒಂದು ಹಳದಿ. ಆಮೇಲೆ ಬರೀ ಖಾಲಿ. ಅಕ್ಕ ಬೆರಳಿಟ್ಟು ಎಣಿಸಿದಳು. ನಲವತ್ತಮೂರು ಆದ ಮೇಲೆ ನಿನ್ನೆಯ ಕೆಂಪು. ಆ ಒಂದೊಂದು ಖಾಲಿ ದಿನವೂ ಅವನು ಧಗಧಗ ಉರಿಯುವ ಒಲೆಯ ಬಾಯಿಗೆ ಬಗ್ಗಿದ್ದ.

"ಬರೆದುಕೊಳ್ಳಿ ಸಿಸ್ಟರ್," ಎಂದಳು ಅವಳು. "ಈಗಿನ ವಿಳಾಸ. ನನ್ನ ನಂಬರು. ನಾನು ಎತ್ತದಿದ್ರೆ ಮೈದುನನ ನಂಬರು. ಆಸ್ಪತ್ರೆಯ ನಂಬರನ್ನ ನಾನು ಹೆಸರು ಹಾಕಿ ಇಟ್ಕೊಳ್ತೀನಿ, ಬ್ಲಾಕ್ ಈಗಲೇ ತೆಗೀತೀನಿ. ಪೆಟ್ಟಿಗೆ ಹಗಲು ಹನ್ನೆರಡಕ್ಕೆ ಕರೆಯೋ ಹಾಗೆ ಮಾಡಿ. ಆಗುತ್ತಾ?"

"ಆಗುತ್ತೆ. ಇಲ್ಲಿಂದಲೇ ಬದಲಾಯಿಸಬಹುದು. ಎರಡು ನಿಮಿಷದ ಕೆಲಸ."

ಎರಡು ನಿಮಿಷ. ಅದಕ್ಕೇ ನಲವತ್ತಮೂರು ದಿನ ಹೋಗಿತ್ತು. ಅಕ್ಕ ಮುಂದಕ್ಕೆ ಬಾಗಿ, ಸಿಸ್ಟರ್ ಒಂದೊಂದೇ ಅಂಕೆ ಬರೆಯುವುದನ್ನು ಕೊನೆಯವರೆಗೆ ನೋಡಿದಳು. ಒಂದು ಅಂಕೆ ತಪ್ಪಿತ್ತು. ಅಲ್ಲೇ ತಿದ್ದಿಸಿದಳು.

ಕಾರ್ಯ ಸುಸೂತ್ರವಾಗಿ ಮುಗಿಯಿತು. ಗಂಡ ನಾಲ್ಕನೇ ದಿನ ಮನೆಗೆ ಬಂದ. ಮೈದುನನ ಬ್ರೆಡ್ಡನ್ನು ಒತ್ತಿ ನೋಡಿ, "ಇಟ್ಟಿಗೆಗಿಂತ ಸ್ವಲ್ಪ ಮೆತ್ತಗಿದೆ," ಎಂದ. ಆರು ವಾರ ಅವನು ಗಲ್ಲಾದಲ್ಲಿ ಕುಳಿತ. ಹಗಲು ಹನ್ನೆರಡಕ್ಕೆ ಮಾತ್ರ ತಪ್ಪದೆ ಮೇಲೆ ಹೋಗಿ ಮಲಗುತ್ತಿದ್ದ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡರೆ, ಇಲ್ಲ. ಅಕ್ಕನಿಗೆ ಈಗ ಇನ್ನೊಂದು ಭಯ ಹಿಡಿಯಿತು. ಅವನು ಆಕಳಿಸಿದರೆ ಗುಂಡಿ ಒತ್ತುವಳು. ಮೆಟ್ಟಿಲು ಹತ್ತಿ ಉಸಿರು ಬಿಟ್ಟರೆ ಒತ್ತುವಳು. ಊಟ ಸೇರದಿದ್ದರೆ ಒತ್ತುವಳು. ವಾರದೊಳಗೆ ಫೋನ್ ಬಂತು, ಹೆಸರು ಸಮೇತ. ಈ ಸಲ ಅಕ್ಕ ಮೊದಲ ಗಂಟೆಗೇ ಎತ್ತಿದಳು.

"ಅಕ್ಕ, ನಿನ್ನೆ ಒಂದೇ ದಿನ ಐದು ಸಲ ಕಳಿಸಿದೀರಿ. ಏನಾಯ್ತು?"

"ಏನೂ ಆಗಿಲ್ಲ. ಧೈರ್ಯಕ್ಕೆ ಒತ್ತಿದೆ."

"ನೀವು ಒತ್ತಿದ್ದನ್ನೆಲ್ಲ ಒಬ್ಬರು ಕೂತು ಓದಲೇಬೇಕು. ನಿಮ್ಮ ಐದನ್ನ ಓದೋವಾಗ ಇನ್ಯಾರದೋ ಕೆಂಪು ಹಿಂದೆ ಕಾಯ್ತಾ ಇರುತ್ತೆ. ನಾವು ಒತ್ತಿ ಅಂದಾಗ ಒತ್ತಿ. ಮೈಗೆ ಏನಾದ್ರೂ ಅನ್ನಿಸಿದ್ರೆ ಮೊದಲು ಮಾತಾಡಿ. ಸುಮ್ಮನೆ ಭಯ ಆದ್ರೆ," ಸಿಸ್ಟರ್ ನಕ್ಕಳು, "ಅದಕ್ಕೂ ಮಾತಾಡಿ. ಭಯಕ್ಕೆ ಗುಂಡಿ ಇಲ್ಲ."

ಅಕ್ಕ ಗುಂಡಿಯ ಮೇಲಿನಿಂದ ಕೈ ತೆಗೆದಳು. ಅಷ್ಟು ಸುಲಭವಾಗಿ ಅಲ್ಲ, ಆದರೆ ತೆಗೆದಳು. ಅದರ ಬದಲು ಒಂದು ಹಾಳೆಯಲ್ಲಿ ದಿನ, ಹೊತ್ತು, ಏನಾಯಿತು ಎಂದು ಬರೆದಿಡಲು ಶುರುಮಾಡಿದಳು. ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರು ಆ ಹಾಳೆಯನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟು ಎರಡನ್ನೂ ಒಟ್ಟಿಗೆ ಓದಿದರು. ನಲವತ್ತೆರಡು ಚೌಕಗಳಲ್ಲಿ ನಲವತ್ತೊಂದು ತುಂಬಿದ್ದವು. ಒಂದು ದಿನ ಕರೆಂಟು ಇರಲಿಲ್ಲ, ಅದೂ ಹಾಳೆಯಲ್ಲಿತ್ತು.

"ಒಲೆ ಹಚ್ಚಬಹುದು," ಎಂದರು ಡಾಕ್ಟರು. "ಒಬ್ಬರೇ ಬೇಡ, ತಮ್ಮ ಜೊತೆಗಿರಲಿ."

ಗಂಡ ಅಂಗಿಯ ಗುಂಡಿ ಹಾಕಿಕೊಂಡ. ಒಂದು ಗುಂಡಿ ತಪ್ಪು ತೂತಿಗೆ ಹೋಯಿತು. ಅಕ್ಕ ಸರಿಮಾಡಿದಳು.

ಹೊರಡುವಾಗ ಸಿಸ್ಟರ್ ಅವಳನ್ನು ನಿಲ್ಲಿಸಿದಳು. ಪೆಟ್ಟಿಗೆ ಕೊಡುವಾಗ ತುಂಬಿಸುವ ಅರ್ಜಿ ಅವಳ ಕೈಯಲ್ಲಿತ್ತು. ಹೆಸರು, ವಯಸ್ಸು, ವಿಳಾಸ, ಫೋನು. ಅದರ ಕೊನೆಯಲ್ಲಿ ಹೊಸದಾಗಿ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದರು.

"ಇಲ್ಲೊಂದು ಪ್ರಶ್ನೆ ಸೇರಿಸಬೇಕು ಅಕ್ಕ. ನಾವು ಬರೆದ್ರೆ ಆಸ್ಪತ್ರೆಯ ಭಾಷೆ ಆಗುತ್ತೆ, ಜನ ಸುಮ್ಮನೆ ಹೂಂ ಅಂದುಬಿಡ್ತಾರೆ. ನೀವು ಹೇಳಿ, ಹೇಗೆ ಕೇಳಲಿ?"

ಅಕ್ಕ ಯೋಚಿಸಿದಳು. ರಾತ್ರಿ ಪಾಳಿಯ ಕಾವಲುಗಾರ, ಲಾರಿ ಓಡಿಸುವವನು, ಗಿರಣಿಯಲ್ಲಿ ವಾರಕ್ಕೊಂದು ಪಾಳಿ ಬದಲಾಯಿಸುವವಳು, ಒಂದು ತಿಂಗಳು ಮಗನ ಮನೆ, ಒಂದು ತಿಂಗಳು ಮಗಳ ಮನೆಯಲ್ಲಿರುವ ಅಜ್ಜಿ, ಎಲ್ಲರೂ ಕಣ್ಣ ಮುಂದೆ ಬಂದರು.

"ಹೀಗೆ ಬರೀರಿ," ಎಂದಳು. "ನಿಮ್ಮ ಮನೆಯಲ್ಲಿ ಈ ಪೆಟ್ಟಿಗೆಯ ಪಕ್ಕ ನೀವು ನಿಜವಾಗಿ ಮಲಗುವುದು ಎಷ್ಟು ಹೊತ್ತಿಗೆ? ಅದು ಬದಲಾದರೆ ನಮಗೆ ಯಾರು ಹೇಳುತ್ತಾರೆ?"

ಸಿಸ್ಟರ್ ಅದನ್ನು ಹಾಗೆಯೇ ಬರೆದುಕೊಂಡಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಎದೆಯೊಳಗೆ ಇಂಥ ಯಂತ್ರ ಇಟ್ಟುಕೊಂಡವರು ಇದ್ದರೆ, ಇವತ್ತು ಈ ಕಾಗದ ಮಡಚಿಡುವ ಮುಂಚೆ ಒಂದು ಕೆಲಸ ಮಾಡಿ. ಅವರ ಆಸ್ಪತ್ರೆಗೆ ಫೋನ್ ಮಾಡಿ, "ನಮ್ಮ ಮಾಹಿತಿ ಕೊನೆಯ ಸಲ ನಿಮಗೆ ಬಂದದ್ದು ಯಾವಾಗ?" ಎಂದು ಕೇಳಿ. ಇದೊಂದೇ ಪ್ರಶ್ನೆ ಸಾಕು, ಉಳಿದದ್ದು ತಾನಾಗಿ ಹೊರಗೆ ಬರುತ್ತದೆ. ಪೆಟ್ಟಿಗೆಗಳು ಎಲ್ಲವೂ ಒಂದೇ ಥರ ಇರುವುದಿಲ್ಲ, ಆದ್ದರಿಂದ ನಿಮ್ಮ ಪೆಟ್ಟಿಗೆಯ ದೀಪಕ್ಕೆ ಏನರ್ಥ ಎಂದು ಅಲ್ಲೇ ಕೇಳಿ ತಿಳಿದುಕೊಳ್ಳಿ. ಆಸ್ಪತ್ರೆಯ ನಂಬರನ್ನು ಹೆಸರು ಹಾಕಿ ಫೋನಿನಲ್ಲಿ ಇಟ್ಟುಕೊಳ್ಳಿ. ಮನೆ ಬದಲಾದರೆ, ನಂಬರು ಬದಲಾದರೆ, ಪಾಳಿ ಬದಲಾದರೆ, ಊರಿಗೆ ಹೋಗಿ ತಿಂಗಳುಗಟ್ಟಲೆ ಉಳಿಯುವುದಿದ್ದರೆ, ಅವರು ಕೇಳುವವರೆಗೆ ಕಾಯಬೇಡಿ. ನಿಮ್ಮ ಮಾಹಿತಿ ಯಾರ ಕೈಗೆ ಹೋಗುತ್ತದೆ ಎಂಬ ಅನುಮಾನ ಇದ್ದರೆ ಅದನ್ನೂ ಕೇಳಿ, ಉತ್ತರ ಕೊಡುವುದು ಅವರ ಕೆಲಸ. ತಲೆ ಸುತ್ತಿದರೆ, ಎದೆ ನೋವು ಬಂದರೆ, ಪೆಟ್ಟಿಗೆಯನ್ನು ನೋಡುತ್ತಾ ಕೂರಬೇಡಿ, ಹೊರಡಿ.

ನಿಮ್ಮ ಹೃದಯ ಹೇಗೆ ಬಡಿಯುತ್ತದೆ ಎಂದು ಆ ಯಂತ್ರಕ್ಕೆ ಗೊತ್ತು. ನಿಮ್ಮ ಮನೆ ಹೇಗೆ ನಡೆಯುತ್ತದೆ ಎಂದು ಅದಕ್ಕೆ ಗೊತ್ತಿಲ್ಲ. ಅದು ಗೊತ್ತಿರುವವರು ನೀವು. ಹೇಳಿ.